ಆರು ಸ್ಥಾನದ ಪಕ್ಷ, ಇಬ್ಬರು ಮುಖ್ಯಮಂತ್ರಿಗಳು

ಮಲೆನಾಡಿನಲ್ಲಿ ಸುಗ್ಗಿ ಮುಗಿದು ಕಣದಲ್ಲಿ ಭತ್ತದ ರಾಶಿ ಬಿದ್ದರೆ ಮೊದಲು ಅಳೆಯಬೇಕಾದದ್ದು ಒಡೆಯರ ಗೇಣಿ. ಉಳಿದದ್ದು ಒಕ್ಕಲಿನ ಪಾಲು. ಅಳೆಯುತ್ತಿದ್ದದ್ದು ಕೊಳಗದಲ್ಲಿ, ಇಪ್ಪತ್ತು ಕೊಳಗ ಸೇರಿದರೆ ಒಂದು ಖಂಡುಗ. ಗೇಣಿ ಇಷ್ಟು ಖಂಡುಗ ಎಂದು ಮಾತಾಗಿದ್ದರೂ ಅಳೆಯುವ ಕೊಳಗ ಮಾತ್ರ ಒಡೆಯರ ಮನೆಯದು. ಅದು ಅರ್ಧ ಸೇರು ಹೆಚ್ಚು ಹಿಡಿಯಿತೆನ್ನಿ, ಖಂಡುಗಕ್ಕೆ ಹತ್ತು ಸೇರು ಭತ್ತ ಮಾತಿಲ್ಲದೆ ಆಚೆ ಹೋಗುತ್ತದೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎತ್ತಿದ ತಕರಾರು ಇದೇ. ಸರ್ಕಾರ ನಿಗದಿ ಮಾಡಿದ ಅಳತೆಯಲ್ಲಿ ಗೇಣಿ ಕೊಡುತ್ತೇವೆ, ಒಡೆಯರ ದೊಡ್ಡ ಕೊಳಗದಲ್ಲಿ ಕೊಡುವುದಿಲ್ಲ.

ಕೇಳಲು ಸಣ್ಣ ಬೇಡಿಕೆ. ಆದರೆ ಕೇಳಿದವರು ದೀವರ ಜಾತಿಯ ಒಕ್ಕಲುಗಳು, ಕೇಳಿಸಿಕೊಳ್ಳಬೇಕಾದವರು ಊರಿಗೇ ಒಡೆಯರು. ಗೇಣಿಯ ಜೊತೆಗೆ ಬಿಟ್ಟಿ ಚಾಕರಿಯೂ ನಡೆಯುತ್ತಿದ್ದ ಕಾಲ ಅದು. ಗೇಣಿಗೆ ಕಾಗದವಿಲ್ಲ, ರಶೀದಿಯಿಲ್ಲ. ಅಜ್ಜನ ಕಾಲದಿಂದ ಉಳುತ್ತ ಬಂದವನನ್ನು ಒಂದೇ ಮಾತಿನಲ್ಲಿ ಗದ್ದೆಯಿಂದ ಎಬ್ಬಿಸಬಹುದಿತ್ತು. ಅಳತೆಯ ತಕರಾರಿಗೆ ಬಂದ ಉತ್ತರವೂ ಅದೇ: ಜಮೀನು ಬಿಡಿ.

ಈ ಜಗಳಕ್ಕೆ ಒಂದು ಸಂಘಟನೆಯ ರೂಪ ಕೊಟ್ಟವರು ಎಚ್. ಗಣಪತಿಯಪ್ಪ. ಸಾಗರ ತಾಲ್ಲೂಕು ರೈತ ಸಂಘ ಕಟ್ಟಿ ಹಳ್ಳಿಹಳ್ಳಿ ತಿರುಗಿದ ಅವರ ಹಿಂದೆ ಆಗ ದೊಡ್ಡ ಪಕ್ಷ ಯಾವುದೂ ಇರಲಿಲ್ಲ. 1951ರ ಏಪ್ರಿಲ್ 18ರಂದು ಕಾಗೋಡಿನ ರೈತರು ನೇಗಿಲು ಹೊತ್ತು, ತಮ್ಮನ್ನು ಬಿಡಿಸಿದ ಗದ್ದೆಗಳಿಗೇ ಇಳಿದರು. ಪೊಲೀಸರು ಹಿಡಿದೊಯ್ದರು. ಮರುದಿನ ಮತ್ತೊಂದು ತಂಡ ಇಳಿಯಿತು. ಜೈಲಿಗೆ ಹೋಗುವವರ ಸಾಲು ಮುಗಿಯಲಿಲ್ಲ.

ಸಮಾಜವಾದಿಗಳು ಬಂದದ್ದು ಆಗ.

ಅವರ ಪಕ್ಷಕ್ಕೆ ಆಗಿನ್ನೂ ಮೂರು ವರ್ಷ. 1934ರಲ್ಲಿ ಕಾಂಗ್ರೆಸ್ಸಿನ ಒಳಗೇ ಹುಟ್ಟಿದ ಸಮಾಜವಾದಿ ಬಣ 1948ರಲ್ಲಿ ಹೊರಬಂದು ಸ್ವತಂತ್ರ ಪಕ್ಷವಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಅದಕ್ಕೆ ಹೇಳಿಕೊಳ್ಳುವಂಥ ನೆಲೆಯಿರಲಿಲ್ಲ. ಬೆಂಗಳೂರಿನಲ್ಲಿ ಒಂದಿಷ್ಟು ಕಾರ್ಮಿಕ ಸಂಘಟನೆ, ಶಿವಮೊಗ್ಗದಲ್ಲಿ 1942ರ ಚಳವಳಿಯಿಂದ ಎದ್ದು ಬಂದ ಹುಡುಗರ ಗುಂಪು, ಅಷ್ಟೆ. ಆ ಜಿಲ್ಲೆಯ ನೆನಪಿನಲ್ಲಿ ಈಸೂರು ಇನ್ನೂ ಹಸಿಯಾಗಿತ್ತು. ಶಿಕಾರಿಪುರ ತಾಲ್ಲೂಕಿನ ಆ ಊರಿನ ಐವರನ್ನು 1943ರಲ್ಲಿ ಗಲ್ಲಿಗೇರಿಸಲಾಗಿತ್ತು. ಓದು ಬಿಟ್ಟು ಜೈಲು ಕಂಡ ಆ ಪೀಳಿಗೆಯವರಲ್ಲಿ ಒಬ್ಬರು ತೀರ್ಥಹಳ್ಳಿ ತಾಲ್ಲೂಕು ಆರಗದ ಶಾಂತವೇರಿ ಗೋಪಾಲಗೌಡರು. ಹುಟ್ಟಿದ್ದು 1923ರಲ್ಲಿ. ಕೈಯಲ್ಲಿ ಕಾಸಿರಲಿಲ್ಲ, ಬಾಯಲ್ಲಿ ಮಾತಿತ್ತು.

ಕಾಗೋಡಿನ ಚಳವಳಿಯನ್ನು ಪಕ್ಷ ತನ್ನದಾಗಿಸಿಕೊಂಡಿತು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಮಲೆನಾಡಿಗೆ ಬಂದರು. ಕಾಗೋಡಿಗೆ ಹೋಗಿ ರೈತರ ಜೊತೆ ಸತ್ಯಾಗ್ರಹ ಮಾಡಿದರು. ಸಾಗರದ ರೈಲು ನಿಲ್ದಾಣದಲ್ಲಿ ಅವರ ಬಂಧನವಾಯಿತು. ಅದುವರೆಗೆ ತಾಲ್ಲೂಕು ಕಚೇರಿಯ ಕಡತದಲ್ಲಿದ್ದ ಗೇಣಿ ತಕರಾರು ರಾತ್ರೋರಾತ್ರಿ ದಿಲ್ಲಿಯ ಪತ್ರಿಕೆಗಳ ಸುದ್ದಿಯಾಯಿತು. ಸ್ವತಂತ್ರ ಭಾರತದ ಮೊದಲ ದೊಡ್ಡ ಗೇಣಿದಾರರ ಸತ್ಯಾಗ್ರಹಗಳ ಸಾಲಿನಲ್ಲಿ ಕಾಗೋಡಿನ ಹೆಸರು ಸೇರಿತು.

ಸತ್ಯಾಗ್ರಹದಿಂದ ಕಾಗೋಡಿನವರಿಗೆ ಕೂಡಲೇ ಜಮೀನು ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಗೇಣಿದಾರರ ರಕ್ಷಣೆಗೆ ಕಾನೂನು ಬೇಕೆಂಬ ಮಾತು ವಿಧಾನಸಭೆಗೆ ಬಂತು. ತೀರ್ಥಹಳ್ಳಿಯವರೇ ಆದ ಕಾಂಗ್ರೆಸ್ಸಿನ ಕಡಿದಾಳ್ ಮಂಜಪ್ಪ ಕಂದಾಯ ಸಚಿವರಾಗಿ ಗೇಣಿ ಕಾನೂನಿಗೆ ಕೈಹಾಕಿದರು. 1952ರಲ್ಲಿ ಮೈಸೂರು ಗೇಣಿ ಶಾಸನ ಬಂತು. ಮುಂದಿನ ಇಪ್ಪತ್ತೈದು ವರ್ಷ ಸಮಾಜವಾದಿಗಳು ಬೀದಿಯಲ್ಲಿ ಕೂಗಿದ್ದನ್ನು ಕಾಂಗ್ರೆಸ್ ವಿಧಾನಸೌಧದಲ್ಲಿ ಕಾನೂನು ಮಾಡುವ ಆಟ ಹೀಗೆ ಮೊದಲಾಯಿತು.

ಪಕ್ಷಕ್ಕೆ ಸಿಕ್ಕಿದ ಲಾಭ ಒಂದು ಕ್ಷೇತ್ರ. 1952ರ ಮೊದಲ ಮಹಾಚುನಾವಣೆಯಲ್ಲಿ ಸಾಗರ–ಹೊಸನಗರದಿಂದ ನಿಂತ ಗೋಪಾಲಗೌಡರು ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ ಅವರನ್ನು ಸೋಲಿಸಿದರು. ಬದರಿನಾರಾಯಣರದು ಹೆಸರು, ಅನುಕೂಲ ಎರಡೂ ಇದ್ದ ಮನೆತನ. ಗೌಡರ ಬಳಿ ಜೀಪಿರಲಿ, ಕರಪತ್ರಕ್ಕೂ ದುಡ್ಡಿರಲಿಲ್ಲ. ಅವರು ಮತದಾರರ ಮುಂದೆ ಇಟ್ಟ ಬೇಡಿಕೆ ‘ಒಂದು ಓಟು, ಒಂದು ನೋಟು’. ಓಟು ಕೊಡುವವನೇ ಒಂದು ರೂಪಾಯಿಯನ್ನೂ ಕೊಡಬೇಕು. ದುಡ್ಡು ಕೊಟ್ಟು ಓಟು ಕೇಳುವುದು ಆಗಲೇ ರೂಢಿಯಾಗತೊಡಗಿದ್ದಾಗ ದುಡ್ಡು ಕೇಳಿ ಓಟು ಪಡೆದ ಈ ಪ್ರಚಾರದ ಕತೆಯನ್ನು ಮಲೆನಾಡಿನ ಹಿರಿಯರು ಈಗಲೂ ಹೇಳುತ್ತಾರೆ.

ಆ ವರ್ಷ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74. ಸಮಾಜವಾದಿಗಳಿಗೆ ಮೂರು. ಜೆ.ಬಿ. ಕೃಪಲಾನಿ ಅವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಎಂಟು. ಅದೇ ವರ್ಷ ಇವೆರಡೂ ಒಂದಾಗಿ ಪ್ರಜಾ ಸಮಾಜವಾದಿ ಪಕ್ಷ, ಅಂದರೆ ಪಿಎಸ್‌ಪಿ ಆಯಿತು. ಗುಡಿಸಲು ಅದರ ಚಿಹ್ನೆ. ಕಾಂಗ್ರೆಸ್ಸಿಗೆ ಒಂದು ಗಟ್ಟಿ ಎದುರಾಳಿ ಸಿಕ್ಕಿತೆಂದು ಹಲವರು ನಂಬಿದರು.

ನಂಬಿಕೆ ಮೂರು ವರ್ಷ ಬಾಳಲಿಲ್ಲ. 1954ರಲ್ಲಿ ತಿರುವಾಂಕೂರು–ಕೊಚ್ಚಿಯಲ್ಲಿ ಪಟ್ಟಂ ಥಾನು ಪಿಳ್ಳೆ ಅವರ ಪಿಎಸ್‌ಪಿ ಸರ್ಕಾರ ಅಧಿಕಾರದಲ್ಲಿದ್ದಾಗ, ಗಡಿ ತಾಲ್ಲೂಕುಗಳನ್ನು ಮದ್ರಾಸಿಗೆ ಸೇರಿಸಬೇಕೆಂದು ಚಳವಳಿ ಹೂಡಿದ್ದ ತಮಿಳರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಲೋಹಿಯಾ, ತಮ್ಮದೇ ಸರ್ಕಾರ ರಾಜೀನಾಮೆ ಕೊಡಬೇಕೆಂದು ಪಟ್ಟುಹಿಡಿದರು. ಸರ್ಕಾರ ರಾಜೀನಾಮೆ ಕೊಡಲಿಲ್ಲ; 1955ರಲ್ಲಿ ಲೋಹಿಯಾ ಅವರೇ ಪಕ್ಷದ ಹೊರಗೆ ಬಿದ್ದರು. ಆ ವರ್ಷದ ಕೊನೆಯಲ್ಲಿ ಹೈದರಾಬಾದಿನಲ್ಲಿ ಅವರ ಹೊಸ ಸಮಾಜವಾದಿ ಪಕ್ಷ ಹುಟ್ಟಿತು. ಎಲ್ಲೋ ದೂರದ ದಕ್ಷಿಣದಲ್ಲಿ ನಡೆದ ಗೋಲಿಬಾರು ಶಿವಮೊಗ್ಗದ ಗೆಳೆಯರನ್ನೂ ಎರಡು ಮಾಡಿತು. ಗೋಪಾಲಗೌಡರು ಲೋಹಿಯಾ ಜೊತೆ ಹೋದರು. ರಾಜ್ಯದ ಉಳಿದ ಕಡೆ ಹೆಚ್ಚಿನವರು ಗುಡಿಸಲಿನಲ್ಲೇ ಉಳಿದರು.

ಕೆಂಪು ಟೊಪ್ಪಿಯ ಲೋಹಿಯಾವಾದಿಗಳು ಹೀಗೆ ಕರ್ನಾಟಕದಲ್ಲಿ ಒಂದು ಜಿಲ್ಲೆಯ ಪಕ್ಷವಾದರು. ದಿಲ್ಲಿಯಲ್ಲಿ ಅದು ಅಖಿಲ ಭಾರತ ಪಕ್ಷ. ಇಲ್ಲಿ ತುಂಗಾ ಮತ್ತು ಶರಾವತಿಯ ದಂಡೆಯ ನಾಲ್ಕಾರು ತಾಲ್ಲೂಕುಗಳ ಪಕ್ಷ. 1957ರಲ್ಲಿ ಗೋಪಾಲಗೌಡರು ಸೋತರು. ಅದೇ ಚುನಾವಣೆಯಲ್ಲಿ ಪಿಎಸ್‌ಪಿ 208ರಲ್ಲಿ 18 ಸ್ಥಾನ ಗೆದ್ದಿತು. 1962ರಲ್ಲಿ ಗೌಡರು ಮರಳಿ ಗೆದ್ದಾಗ ಲೋಹಿಯಾ ಪಕ್ಷದ ಲೆಕ್ಕದಲ್ಲಿದ್ದದ್ದು ಒಂದೇ ಸ್ಥಾನ. ಸದನದಲ್ಲಿ ಪಕ್ಷದ ನಾಯಕ, ಸಚೇತಕ, ಸದಸ್ಯ ಎಲ್ಲ ಒಬ್ಬರೇ.

ಆ ಒಬ್ಬರ ಮಾತಿಗೆ ಇದ್ದ ತೂಕ ಮಾತ್ರ ಒಂದು ಸ್ಥಾನದ್ದಲ್ಲ. ಹಳೇ ಮೈಸೂರಿನ ಎಷ್ಟೋ ಮುಖಂಡರು ಏಕೀಕರಣಕ್ಕೆ ಹಿಂದೇಟು ಹಾಕಿದ್ದಾಗ ಗೋಪಾಲಗೌಡರು ಅದರ ಪರ ನಿಂತರು. ಒಂದಾದ ರಾಜ್ಯಕ್ಕೆ ಮೈಸೂರು ಎಂಬ ಹೆಸರು ಉಳಿದಾಗ ಕರ್ನಾಟಕ ಎಂದಾಗಲಿ ಎಂದು ಒತ್ತಾಯಿಸಿದರು. ಇಂಗ್ಲಿಷಿನ ಆಡಳಿತ ಬಡವನನ್ನು ಕಚೇರಿಯ ಬಾಗಿಲಲ್ಲೇ ತಡೆಯುತ್ತದೆ ಎಂಬ ಲೋಹಿಯಾ ವಾದವನ್ನು ಅವರು ಕನ್ನಡದ ಪ್ರಶ್ನೆಯಾಗಿ ಮಾಡಿದರು. ಹಿಂದಿ ನಾಡಿನಲ್ಲಿ ‘ಅಂಗ್ರೇಜಿ ಹಟಾವೋ’ ಎಂಬ ಘೋಷಣೆ ಹಿಂದಿಯ ಪರವಾಗಿ ಕೇಳಿಸುತ್ತಿತ್ತು. ಶಿವಮೊಗ್ಗದಲ್ಲಿ ಅದೇ ಮಾತು ಕನ್ನಡದಲ್ಲಿ ಆಡಳಿತ ನಡೆಯಲಿ ಎಂಬ ಬೇಡಿಕೆಯಾಯಿತು.

1964ರಲ್ಲಿ ಎರಡೂ ಬಣ ಮತ್ತೆ ಸೇರಿ ಸಂಯುಕ್ತ ಸಮಾಜವಾದಿ ಪಕ್ಷ, ಎಸ್‌ಎಸ್‌ಪಿ ಎನಿಸಿಕೊಂಡವು. ಮರುವರ್ಷವೇ ಪಿಎಸ್‌ಪಿಯ ಒಂದು ದೊಡ್ಡ ಗುಂಪು ಹೊರಬಂದು ಹಳೆಯ ಹೆಸರಿನಲ್ಲೇ ಬೇರೆ ನಡೆಯಿತು. ಹೀಗಾಗಿ 1967ರ ಚುನಾವಣೆಗೆ ಸಮಾಜವಾದಿಗಳು ಎರಡು ಚಿಹ್ನೆಗಳೊಂದಿಗೆ ಹೋದರು: ಒಬ್ಬರದು ಗುಡಿಸಲು, ಇನ್ನೊಬ್ಬರದು ಆಲದ ಮರ. 216 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 126, ಪಿಎಸ್‌ಪಿಗೆ 20, ಎಸ್‌ಎಸ್‌ಪಿಗೆ ಆರು. ಕರ್ನಾಟಕದಲ್ಲಿ ಲೋಹಿಯಾ ಪಕ್ಷ ಮುಟ್ಟಿದ ಶಿಖರ ಅದೇ ಆರು. ಸೊರಬದಿಂದ ಗೆದ್ದು ಬಂದ ಎಸ್. ಬಂಗಾರಪ್ಪ ಎಂಬ ತರುಣ ವಕೀಲ ಆ ಆರರಲ್ಲಿ ಒಬ್ಬರು.

ಲೋಕಸಭೆಗೂ ಅದೇ ಸಲ ಶಿವಮೊಗ್ಗ ಕ್ಷೇತ್ರ ಎಸ್‌ಎಸ್‌ಪಿಯನ್ನು ಗೆಲ್ಲಿಸಿತು. ಗೆದ್ದವರು ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲ್. ಇಂಗ್ಲಿಷ್ ಬಲ್ಲ ವಕೀಲರಾಗಿದ್ದರೂ ಅವರು ಲೋಕಸಭೆಯಲ್ಲಿ ಎದ್ದು ಕನ್ನಡದಲ್ಲಿ ಮಾತಾಡಿದರು. ಆ ಸದನದಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು. ಆಕ್ಷೇಪಗಳು ಬಂದಾಗ ಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿ ಅವರು ಪಟೇಲರಿಗೆ ಮಾತು ಮುಂದುವರಿಸಲು ಅವಕಾಶ ಕೊಟ್ಟರು. ಅದೇ ವರ್ಷದ ಅಕ್ಟೋಬರ್ 12ರಂದು ಲೋಹಿಯಾ ದಿಲ್ಲಿಯಲ್ಲಿ ತೀರಿಕೊಂಡರು.

ಈ ಪಕ್ಷದ ಸದಸ್ಯರ ಪಟ್ಟಿ ಚಿಕ್ಕದು. ಅದರ ಸುತ್ತ ಸೇರಿದವರ ಪಟ್ಟಿ ಬೇರೆ. ಮೇಳಿಗೆಯ ಯು.ಆರ್. ಅನಂತಮೂರ್ತಿ ಗೋಪಾಲಗೌಡರ ಒಡನಾಡಿ. ಪಿ. ಲಂಕೇಶ್, ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಲೋಹಿಯಾರನ್ನು ಓದಿ ಬೆಳೆದವರು. ಕಾಗೋಡಿರುವ ಸಾಗರ ತಾಲ್ಲೂಕಿನದೇ ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ ಲೋಹಿಯಾ ಬರಹಗಳನ್ನು ‘ರಾಜಕೀಯದ ಮಧ್ಯೆ ಬಿಡುವು’ ಎಂದು ಕನ್ನಡಕ್ಕೆ ತಂದರು. ‘ಸಂಸ್ಕಾರ’ ಚಿತ್ರ ಮಾಡಿದ ಪಟ್ಟಾಭಿರಾಮ ರೆಡ್ಡಿ, ಅದರಲ್ಲಿ ಚಂದ್ರಿಯಾದ ಸ್ನೇಹಲತಾ ರೆಡ್ಡಿ ಇಬ್ಬರೂ ಲೋಹಿಯಾ ಅನುಯಾಯಿಗಳು. ತುರ್ತುಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾದ ಸ್ನೇಹಲತಾ ಬೆಂಗಳೂರಿನ ಸೆರೆಮನೆಯಲ್ಲಿ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆರು ಸ್ಥಾನದ ಪಕ್ಷವೊಂದು ಒಂದು ಭಾಷೆಯ ಸಾಹಿತ್ಯವನ್ನು ಇಷ್ಟು ಆಳವಾಗಿ ಹೊಕ್ಕ ಉದಾಹರಣೆ ಬೇರೆ ಕಡೆ ಕಡಿಮೆ.

ಅದರಿಂದ ಪಕ್ಷಕ್ಕೆ ಎಷ್ಟು ಉಪಯೋಗವಾಯಿತು ಎಂಬುದು ಬೇರೆ ಮಾತು. ಲೇಖಕರು ಕರೆದರೆ ಸಭೆಗೆ ಬರುತ್ತಿದ್ದರು. ಬೂತಿನಲ್ಲಿ ಕೂರಲು ಜನ ಬೇಕಿತ್ತು. ಪಕ್ಷಕ್ಕೆ ತಾಲ್ಲೂಕು ಕಚೇರಿಗಳಿರಲಿಲ್ಲ, ಖಜಾನೆಯಿರಲಿಲ್ಲ, ಎರಡನೆಯ ಸಾಲಿನ ಸಂಘಟಕರನ್ನು ಬೆಳೆಸುವ ವ್ಯವಧಾನವೂ ಇರಲಿಲ್ಲ. ಚಳವಳಿಯಿದ್ದಾಗ ಪಕ್ಷ ಇರುತ್ತಿತ್ತು, ಚಳವಳಿ ತಣ್ಣಗಾದರೆ ಗೋಪಾಲಗೌಡರು ಇರುತ್ತಿದ್ದರು.

1972ರ ಹೊತ್ತಿಗೆ ಅವರ ಆರೋಗ್ಯ ಪೂರ್ತಿ ಕೆಟ್ಟಿತ್ತು. ಆ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಅಲೆಯ ಮೇಲೆ ದೇವರಾಜ ಅರಸರ ಕಾಂಗ್ರೆಸ್ 165 ಸ್ಥಾನ ಬಾಚಿಕೊಂಡಿತು. ಸಮಾಜವಾದಿಗಳಿಗೆ ದಕ್ಕಿದ್ದು ಮೂರು, ಮೂರೂ ಶಿವಮೊಗ್ಗ ಜಿಲ್ಲೆಯವು: ಸೊರಬದಲ್ಲಿ ಬಂಗಾರಪ್ಪ, ಸಾಗರದಲ್ಲಿ ಕಾಗೋಡು ತಿಮ್ಮಪ್ಪ, ತೀರ್ಥಹಳ್ಳಿಯಲ್ಲಿ ಕೋಣಂದೂರು ಲಿಂಗಪ್ಪ. ಇವರಲ್ಲಿ ತಿಮ್ಮಪ್ಪನವರು ಸತ್ಯಾಗ್ರಹ ನಡೆದ ಊರಿನವರೇ. ಜೂನ್ 9ರಂದು ಗೋಪಾಲಗೌಡರು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕೇಳಿದ್ದ ಹೆಸರು ರಾಜ್ಯಕ್ಕೆ ಬಂದದ್ದು ಮರುವರ್ಷ, 1973ರ ನವೆಂಬರ್ 1ರಂದು.

ಪಕ್ಷವನ್ನು ಮುಗಿಸಿದ್ದು ಅವರ ಸಾವೊಂದೇ ಅಲ್ಲ. ಪಕ್ಷದ ಕಾರ್ಯಕ್ರಮವನ್ನೇ ಮುಖ್ಯಮಂತ್ರಿಯಾದ ಅರಸು ಜಾರಿಗೆ ತಂದದ್ದು ಅದಕ್ಕಿಂತ ದೊಡ್ಡ ಕಾರಣ.

1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬರಲು ನಾಲ್ಕು ವರ್ಷ ತೆಗೆದುಕೊಂಡಿತ್ತು, ಬಂದ ಮೇಲೂ ಭೂಮಾಲೀಕರು ನುಸುಳಿಕೊಳ್ಳಲು ಅದರಲ್ಲಿ ಬೇಕಾದಷ್ಟು ಸಂದಿಗಳಿದ್ದವು. 1974ರ ತಿದ್ದುಪಡಿ ಹಾಗಿರಲಿಲ್ಲ. ಆ ವರ್ಷದ ಮಾರ್ಚ್ 1ರಂದು ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರದ ವಶಕ್ಕೆ ಬಂತು. ಉಳುತ್ತಿದ್ದವನು ಏಳನೇ ನಮೂನೆಯಲ್ಲಿ ಡಿಕ್ಲರೇಷನ್ ಹಾಕಬೇಕು. ತಾಲ್ಲೂಕಿನ ಭೂನ್ಯಾಯಮಂಡಳಿ ವಿಚಾರಿಸಿ ಹಕ್ಕು ಕೊಡಬೇಕು. ಸಿವಿಲ್ ಕೋರ್ಟಿನ ಅಲೆದಾಟವಿಲ್ಲ, ಮೊದಮೊದಲು ಮಂಡಳಿಯ ಮುಂದೆ ವಕೀಲರೂ ಬರುವಂತಿರಲಿಲ್ಲ. ಪಹಣಿಯಲ್ಲಿ ಹೆಸರಿಲ್ಲದವನೂ ಪಕ್ಕದ ಗದ್ದೆಯವನ ಸಾಕ್ಷಿಯ ಬಲದಿಂದ ತಾನು ಗೇಣಿದಾರ ಎಂದು ಹೇಳಿಕೊಳ್ಳಲು ಜಾಗ ಸಿಕ್ಕಿತು. ‘ಉಳುವವನೇ ಹೊಲದೊಡೆಯ’ ಎಂದು ಸಮಾಜವಾದಿಗಳು ಗೋಡೆಯ ಮೇಲೆ ಬರೆದದ್ದು ಹಕ್ಕುಪತ್ರವಾಗಿ ಮನೆಗೆ ಬಂತು. ಅದರ ಮೇಲಿದ್ದದ್ದು ಸರ್ಕಾರದ ಮೊಹರು, ಮಂಡಳಿಗೆ ಅಧಿಕಾರೇತರ ಸದಸ್ಯರನ್ನು ನೇಮಿಸಿದ್ದೂ ಸರ್ಕಾರವೇ.

ಜಮೀನು ಸಿಕ್ಕವನು ಅರಸರ ಹೆಸರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಹಿಂದುಳಿದವರಿಗೆ ನೂರಕ್ಕೆ ಅರವತ್ತು ಎಂಬ ಲೋಹಿಯಾ ಘೋಷಣೆಯ ಗತಿಯೂ ಹೀಗೇ ಆಯಿತು. 1972ರಲ್ಲಿ ಅರಸು ಎಲ್.ಜಿ. ಹಾವನೂರು ಆಯೋಗ ನೇಮಿಸಿದರು, 1975ರಲ್ಲಿ ವರದಿ ಬಂತು, ಹಿಂದುಳಿದವರ ಮೀಸಲಾತಿಗೆ ಹೊಸ ತಳಪಾಯ ಬಿತ್ತು. ಭೂಮಿ ಮತ್ತು ಜಾತಿ, ಎರಡು ಪ್ರಶ್ನೆಗಳ ಮೇಲೆ ನಿಂತಿದ್ದ ಪಕ್ಷದ ಕೈಯಿಂದ ಎರಡೂ ಜಾರಿದವು. ಕಾಗೋಡಿನ ಮಗ ಇನ್ನು ಯಾಕೆ ಕೆಂಪು ಟೊಪ್ಪಿ ಹಾಕಬೇಕು ಎಂಬ ಪ್ರಶ್ನೆಗೆ ಪಕ್ಷದ ಬಳಿ ಉತ್ತರವಿರಲಿಲ್ಲ.

ಅತ್ತ ದಿಲ್ಲಿಯಲ್ಲಿ ಸೇರುವುದು, ಒಡೆಯುವುದು ನಿಂತಿರಲಿಲ್ಲ. 1971ರಲ್ಲಿ ಎಸ್‌ಎಸ್‌ಪಿ, ಪಿಎಸ್‌ಪಿ ಸೇರಿ ಮತ್ತೆ ಸಮಾಜವಾದಿ ಪಕ್ಷವಾಯಿತು, ಮರುವರ್ಷ ಮತ್ತೆ ಒಡೆಯಿತು. 1974ರಲ್ಲಿ ಒಂದು ತುಂಡು ಚರಣ್ ಸಿಂಗ್ ಅವರ ಲೋಕದಳಕ್ಕೆ ಹೋಯಿತು. 1977ರಲ್ಲಿ ಉಳಿದದ್ದೆಲ್ಲ ಜನತಾ ಪಕ್ಷದಲ್ಲಿ ಕರಗಿತು. ಅದೇ ಜನತಾ ಪಕ್ಷದಲ್ಲಿ ಜನಸಂಘವೂ ಇತ್ತು, ಹಳೆಯ ಸ್ವತಂತ್ರ ಪಕ್ಷದವರೂ ಇದ್ದರು. ಕಾಂಗ್ರೆಸ್ಸನ್ನು ಸೋಲಿಸುವುದೇ ಮೊದಲ ಕೆಲಸ ಎಂದು ಲೋಹಿಯಾ ಹಾಕಿಕೊಟ್ಟ ದಾರಿ ಕೊನೆಗೆ ಹೋಗಿ ಮುಟ್ಟಿದ್ದು ಅಲ್ಲಿಗೆ. ಸಮಾಜವಾದಿ ಎಂಬ ಹೆಸರೂ ಹೋಯಿತು.

ನಾಯಕರು ಹೋದ ದಾರಿಗಳು ಬೇರೆಬೇರೆ. ಬಂಗಾರಪ್ಪ ಕಾಂಗ್ರೆಸ್ ಸೇರಿದರು. ಆಮೇಲೆ ಕ್ರಾಂತಿರಂಗ, ಜನತಾ, ಮತ್ತೆ ಕಾಂಗ್ರೆಸ್. 1990ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಮುಖ್ಯಮಂತ್ರಿಯಾದರು, ಎರಡು ವರ್ಷ ಆಳಿದರು. ಆಶ್ರಯ, ಆರಾಧನಾ, ವಿಶ್ವ ಎಂಬ ಅವರ ಯೋಜನೆಗಳಲ್ಲಿ ಹಳೆಯ ಸಮಾಜವಾದದ ವಾಸನೆ ಇತ್ತೆಂದು ಅವರ ಬೆಂಬಲಿಗರು ಹೇಳುತ್ತಾರೆ. ಪಟೇಲ್ ಜನತಾ ಬಳಗದಲ್ಲೇ ಉಳಿದು 1996ರಲ್ಲಿ ಮುಖ್ಯಮಂತ್ರಿಯಾದರು. 1997ರಲ್ಲಿ ಅವರ ಸರ್ಕಾರ ಏಳು ಹೊಸ ಜಿಲ್ಲೆಗಳನ್ನು ಮಾಡಿತು. ಅವರನ್ನು ಲೋಕಸಭೆಗೆ ಕಳಿಸಿದ್ದ ಶಿವಮೊಗ್ಗ ಜಿಲ್ಲೆಯಿಂದ ಅವರದೇ ಚನ್ನಗಿರಿ ತಾಲ್ಲೂಕು ದಾವಣಗೆರೆಗೆ ಹೋದದ್ದು ಆಗಲೇ. ಆರು ಶಾಸಕರನ್ನು ದಾಟದ ಪಕ್ಷ ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿತು; ಇಬ್ಬರೂ ಆ ಕುರ್ಚಿ ಏರಿದ್ದು ಬೇರೆ ಪಕ್ಷಗಳ ಹೆಸರಿನಲ್ಲಿ.

ಇನ್ನೊಂದು ಕವಲು ಚುನಾವಣೆಯ ರಾಜಕೀಯದಿಂದಲೇ ದೂರ ಸರಿಯಿತು. ಸಮಾಜವಾದಿ ಯುವಜನ ಸಭಾದಲ್ಲಿದ್ದ ಎಂ.ಡಿ. ನಂಜುಂಡಸ್ವಾಮಿ, ಶಿವಮೊಗ್ಗದ ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಮೊದಲಾದವರು 1980ರಲ್ಲಿ ಎಚ್.ಎಸ್. ರುದ್ರಪ್ಪನವರ ಜೊತೆ ಸೇರಿ ರಾಜ್ಯ ರೈತ ಸಂಘ ಕಟ್ಟಿದರು. ನರಗುಂದ, ನವಲಗುಂದದಲ್ಲಿ ರೈತರ ಮೇಲೆ ನಡೆದ ಗೋಲಿಬಾರಿನ ಬಿಸಿ ಇನ್ನೂ ಆರಿರಲಿಲ್ಲ. ಕೆಂಪು ಟೊಪ್ಪಿಯ ಜಾಗದಲ್ಲಿ ಹಸಿರು ಶಾಲು ಬಂತು. ಈ ಸಂಘದ ಜಗಳ ಒಡೆಯರ ಜೊತೆಗಲ್ಲ. ಸಾಲ ವಸೂಲಿ ಮಾಡುವ ಬ್ಯಾಂಕು, ಲೆವಿ ಕೇಳುವ ಸರ್ಕಾರ, ಬೆಲೆ ಕೊಡದ ಮಾರುಕಟ್ಟೆ ಜೊತೆಗೆ. ಗೇಣಿದಾರ ಹಿಡುವಳಿದಾರನಾದ ಮೇಲೆ ಅವನ ಕಷ್ಟವೂ ಬದಲಾಗಿತ್ತು. ಅದನ್ನು ಮೊದಲು ಕಂಡವರು ಇವರು.

ಅನಂತಮೂರ್ತಿ 1978ರಲ್ಲಿ ‘ಅವಸ್ಥೆ’ ಕಾದಂಬರಿ ಬರೆದರು. ಹಾಸಿಗೆ ಹಿಡಿದ ರೈತ ನಾಯಕ ಕೃಷ್ಣಪ್ಪಗೌಡನ ಪಾತ್ರದಲ್ಲಿ ಓದುಗರು ಗೋಪಾಲಗೌಡರನ್ನು ಗುರುತಿಸಿದರು. ಅಧಿಕಾರ ಕೈಗೆಟುಕುವಷ್ಟು ಹತ್ತಿರ ಬಂದಾಗ ಹೋರಾಟಗಾರ ಏನಾಗುತ್ತಾನೆ ಎಂಬ ಆ ಕಾದಂಬರಿಯ ಪ್ರಶ್ನೆ ಇಡೀ ಪಕ್ಷಕ್ಕೂ ಸಲ್ಲುವಂಥದು.

ಕಾಗೋಡು ತಿಮ್ಮಪ್ಪನವರ ಕತೆ ಇವರೆಲ್ಲರಿಗಿಂತ ದೀರ್ಘ. ಅವರೂ ಕಾಂಗ್ರೆಸ್ಸಿಗೆ ಹೋದವರೇ. ಆದರೆ ಎಲ್ಲಿಂದ ಬಂದೆ ಎಂಬುದನ್ನು ಮರೆಯಲಿಲ್ಲ. 2013ರಲ್ಲಿ ವಿಧಾನಸಭಾಧ್ಯಕ್ಷರಾದರು, 2016ರಲ್ಲಿ ಕಂದಾಯ ಸಚಿವರಾದರು. ತಾಂಡಾ, ಹಟ್ಟಿ, ಹಾಡಿಗಳಲ್ಲಿ ಬೇರೆಯವರ ಜಮೀನಿನ ಮೇಲೆ ಮನೆ ಕಟ್ಟಿಕೊಂಡವರಿಗೆ ಆ ಮನೆಯಡಿಯ ನೆಲದ ಹಕ್ಕು ಕೊಡುವ ತಿದ್ದುಪಡಿಯನ್ನು ಭೂಸುಧಾರಣಾ ಕಾಯ್ದೆಗೆ ತಂದರು. ಅದರ ಘೋಷಣೆ ‘ವಾಸಿಸುವವನೇ ಮನೆಯೊಡೆಯ’. ಇಷ್ಟಾದರೂ ಅವರದೇ ತಾಲ್ಲೂಕಿನಲ್ಲಿ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆಮಠ ಬಿಟ್ಟ ಶರಾವತಿ ಸಂತ್ರಸ್ತರಲ್ಲಿ ಎಷ್ಟೋ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕಾಗಿ ಕಾಯುತ್ತಿವೆ.

ಒಂದು ಪಕ್ಷವಾಗಿ ಕರ್ನಾಟಕದ ಲೋಹಿಯಾವಾದಿಗಳು ಸೋತರು, ಅದರಲ್ಲಿ ಅನುಮಾನವಿಲ್ಲ. ಒಡೆದು ಒಡೆದು ಸೋತರು. ಒಬ್ಬ ನಾಯಕನನ್ನು ನೆಚ್ಚಿ ಸೋತರು. ಒಂದು ಜಿಲ್ಲೆಯ ಆಚೆ ಸಂಘಟನೆ ಕಟ್ಟದೆ ಸೋತರು. ಅವರ ಬೇಡಿಕೆಗಳು ಗೆದ್ದವು, ಆದರೆ ಗೆದ್ದದ್ದನ್ನು ಕಾಯಲು ಪಕ್ಷ ಉಳಿದಿರಲಿಲ್ಲ. 2020ರಲ್ಲಿ ಶಿವಮೊಗ್ಗ ಜಿಲ್ಲೆಯವರೇ ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ರದ್ದಾದವು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳುವ ದಾರಿ ತೆರೆಯಿತು. ಬೀದಿಗಿಳಿದು ವಿರೋಧಿಸಿದವರಲ್ಲಿ ಹಸಿರು ಶಾಲಿನವರಿದ್ದರು. 1972ರಲ್ಲಿ ಪಕ್ಷ ಗೆದ್ದಿದ್ದ ಮೂರು ಕ್ಷೇತ್ರಗಳನ್ನು 2023ರ ಚುನಾವಣೆಯಲ್ಲಿ ಕಾಂಗ್ರೆಸ್ ಮತ್ತು ಬಿಜೆಪಿ ಹಂಚಿಕೊಂಡವು. ಸಾಗರ, ಸೊರಬ ಕಾಂಗ್ರೆಸ್ಸಿಗೆ. ತೀರ್ಥಹಳ್ಳಿ ಬಿಜೆಪಿಗೆ, ಅಲ್ಲಿ ಗೆದ್ದ ಶಾಸಕರ ಊರು ಗೋಪಾಲಗೌಡರ ಆರಗ.